ಮುಚ್ಚಿದ ಮೈಕು

ತೊಗಲು ಹರಿದದ್ದು ಹಾಡಿನ ನಟ್ಟನಡುವೆ. ಬಲಗೈ ಎಂದಿನ ಜಾಗಕ್ಕೆ ಬಿತ್ತು, ಅಲ್ಲಿ ಜಾಗವೇ ಇರಲಿಲ್ಲ. ಮಣಿಕಟ್ಟಿನವರೆಗೆ ಕೈ ಢೋಲಕ್ಕಿನೊಳಗೆ ಹೋಯಿತು. ಕೆಂಚೇಶ್ ಕೈಯನ್ನು ಹೊರಗೆ ಎಳೆದುಕೊಂಡ. ಹರಿದ ತೊಗಲಿನ ಒಂದು ಚೂರು ನಾಲಿಗೆಯ ಹಾಗೆ ಹೊರಕ್ಕೆ ಜೋತುಬಿತ್ತು.

ಢೋಲಕ್ ನಿಲ್ಲಲಿಲ್ಲ.

ಅವನು ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತ. ಕಾಲ ಬುಡದಲ್ಲಿದ್ದ, ಅವನ ಸದ್ದನ್ನು ಅವನಿಗೇ ಕೇಳಿಸುವ ಮಾನಿಟರ್ ಬಾಕ್ಸಿನಿಂದ ಢೋಲಕ್ ಬರುತ್ತಲೇ ಇತ್ತು, ಛತ್ರದ ಎರಡೂ ಬದಿಯ ದೊಡ್ಡ ಬಾಕ್ಸುಗಳಿಂದಲೂ ಬರುತ್ತಿತ್ತು. ಮೊದಲು ಅದು ಪ್ರತಿಧ್ವನಿ ಎಂದುಕೊಂಡ. ಅಷ್ಟರಲ್ಲಿ ಪಲ್ಲವಿ ಮುಗಿದು ಚರಣಕ್ಕೆ ತಿರುಗುವ ರೋಲ್ ಬಂತು. ಮೊದಲು ಮೆಲ್ಲಗೆ, ಆಮೇಲೆ ಬೆರಳುಗಳೆಲ್ಲ ಒಟ್ಟಿಗೆ ಸಡಿಲ ಬಿಟ್ಟ ಹಾಗೆ, ಕೊನೆಗೆ ಎಡಗಡೆಯ ಒಂದು ಗುಮ್ಮೆನ್ನುವ ಏಟು. ಆ ಕೊನೆಯ ಏಟನ್ನು ಕೂದಲೆಳೆಯಷ್ಟು ತಡವಾಗಿ ಹಾಕುವುದು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ. ಏಟು ತಡವಾಗಿಯೇ ಬಿತ್ತು. ಅವನ ಕೈಗಳು ಗಾಳಿಯಲ್ಲಿದ್ದವು.

ಹೊನ್ನಾಳಿಯ ಆ ಸಮುದಾಯ ಭವನದಲ್ಲಿ ಧಾರೆ ಮುಗಿದು ಹೆಚ್ಚು ಹೊತ್ತಾಗಿರಲಿಲ್ಲ. ನ್ಯಾಮತಿಯಿಂದ ಬಂದಿದ್ದ ಗಂಡಿನ ಗೆಳೆಯರು ಸ್ಟೇಜಿನ ಮುಂದೆ ಕುಣಿಯುತ್ತಿದ್ದರು. ಯಾರೂ ನಿಲ್ಲಿಸಲಿಲ್ಲ, ಯಾರೂ ತಲೆ ಎತ್ತಲಿಲ್ಲ. ಹಾಡುತ್ತಿದ್ದ ಚೈತ್ರಾ ಒಂದು ಸಲ ಅವನ ಕಡೆ ನೋಡಿದಳು. ಹರಿದ ತೊಗಲನ್ನು ನೋಡಿದಳು. ಆಮೇಲೆ ತಟ್ಟನೆ ಕೀಬೋರ್ಡಿನ ಹಿಂದಿದ್ದ ಮಾಲತೇಶನ ಕಡೆ ನೋಡಿದಳು. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ, ಹೆದರಿಕೆ ಇತ್ತು.

ಹಸಿರು ಸೀರೆಯ ಹೆಂಗಸೊಬ್ಬಳು ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಸ್ಟೇಜಿನ ಉದ್ದಕ್ಕೂ ಬಂದಳು. ಮಾಲತೇಶ, ಚೈತ್ರಾ, ಆಮೇಲೆ ಕೆಂಚೇಶ್. ಮೊಬೈಲು ತನ್ನ ಕಡೆ ತಿರುಗಿದ್ದೇ ಅವನ ಕೈಗಳು ಕೆಳಗಿಳಿದವು. ಹರಿದ ತೊಗಲಿನ ಮೇಲೆ, ತೂತಿನ ಅಂಚಿನಲ್ಲಿ, ಬೆರಳುಗಳು ಆಡತೊಡಗಿದವು. ಅವನು ಮುಗುಳ್ನಕ್ಕ ಕೂಡ. ಹೆಂಗಸು ಮುಂದೆ ಹೋದ ಮೇಲೆ ತಾನೇನು ಮಾಡಿದೆ ಎಂಬುದು ಅವನಿಗೆ ತಿಳಿಯಿತು.

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಯಜಮಾನರೊಬ್ಬರು ಮುಂದಿನ ಸಾಲಿನಿಂದ ಎದ್ದು ಬಂದು ಕೆಂಚೇಶನ ಕೈ ಹಿಡಿದು ಕುಲುಕಿದರು.

"ಢೋಲಕ್ ಅಂದ್ರೆ ಢೋಲಕ್ ಕಣ್ರೀ. ನಿಮ್ ಕೈಗೆ ದೃಷ್ಟಿ ಆಗ್ಬಾರ್ದು."

ಹರಿದ ಬದಿಯನ್ನು ಕೆಂಚೇಶ್ ಹೊಟ್ಟೆಗೆ ಒತ್ತಿ ಹಿಡಿದಿದ್ದ.

ಸ್ಟೇಜಿನ ಹಿಂದಿನ ಕೋಣೆಯಲ್ಲಿ ಬಾಳೆಎಲೆಯ ಕಟ್ಟುಗಳು, ಕುಂಬಳಕಾಯಿ, ಹೆಣ್ಣಿನ ಕಡೆಯವರ ಸೂಟ್‌ಕೇಸುಗಳು ಇದ್ದವು. ಮಾಲತೇಶ ಒಳಗೆ ಬಂದು ಬಾಗಿಲು ಮುಂದಕ್ಕೆ ಹಾಕಿದ. ಚನ್ನಗಿರಿಯಲ್ಲಿ ಈ ಆರ್ಕೆಸ್ಟ್ರಾ ಕಟ್ಟಿದವನು ಅವನು. ಕೀಬೋರ್ಡು ನುಡಿಸುವುದು, ಕಾರ್ಯಕ್ರಮ ಹಿಡಿಯುವುದು, ವ್ಯಾನ್ ಓಡಿಸುವುದು ಎಲ್ಲ ಅವನೇ. ಅವನ ಹಿಂದೆ ಚೈತ್ರಾ ಬಂದಳು, ಅವಳ ಹಿಂದೆ ಮಿಕ್ಸರ್ ನೋಡಿಕೊಳ್ಳುವ ಮೈಲಾರಿ.

"ಯಾವಾಗಿಂದ?" ಎಂದ ಕೆಂಚೇಶ್.

"ಕೂತ್ಕೊ ಮೊದ್ಲು. ನೀರ್ ಕುಡಿ."

"ಯಾವಾಗಿಂದ ಅಂತ ಕೇಳ್ದೆ ಅಣ್ಣ."

ಮಾಲತೇಶ ಸೂಟ್‌ಕೇಸೊಂದರ ಮೇಲೆ ಕೂತ. "ಸಾಸ್ವೆಹಳ್ಳಿ ಪ್ರೋಗ್ರಾಮ್ ಆದ್ಮೇಲಿಂದ."

ಸಾಸ್ವೆಹಳ್ಳಿ ಎಂದರೆ ಹೋದ ವರ್ಷ. ಮಳೆಗಾಲದಲ್ಲಿ ಕೆಂಚೇಶನಿಗೆ ಚಿಕೂನ್‌ಗುನ್ಯಾ ಬಂದಿತ್ತು. ಜ್ವರ ಬಿಟ್ಟರೂ ಕೀಲು ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ಅಂಗಿಯ ಗುಂಡಿಯನ್ನು ಹೆಂಡತಿ ಪುಷ್ಪಾ ಹಾಕಿಕೊಡುತ್ತಿದ್ದಳು. ಜ್ವರದ ನಂತರ ಅವನು ಮೊದಲು ಸ್ಟೇಜು ಹತ್ತಿದ್ದು ಸಾಸ್ವೆಹಳ್ಳಿಯಲ್ಲಿ.

"ಅವತ್ತು ಚೆನ್ನಾಗೇ ಆಯ್ತಲ್ಲ."

"ನಿಂಗೆ ಹಂಗನ್ಸಿತ್ತು."

"ಚೈತ್ರಾ ಎರಡ್ ಸಲ ತಪ್ಪಿದ್ಲು. ಜನ ಕೂಗಿದ್ದು ಅವಳಿಗೆ."

"ಅವಳು ತಪ್ಪಿದ್ದು ನಿನ್ ಕೈ ತಪ್ಪಿದ್ದಕ್ಕೆ ಕಣೋ," ಎಂದ ಮಾಲತೇಶ. ಚೈತ್ರಾ ಬಾಳೆಎಲೆಯ ತುದಿಯನ್ನು ಸೀಳುತ್ತ ನಿಂತಿದ್ದಳು. ಅವತ್ತು ವಾಪಸು ಬರುವಾಗ ಅವಳು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಅತ್ತಿದ್ದಳು. ಕೆಂಚೇಶ್ ಪಕ್ಕದಲ್ಲಿ ಕೂತು ಚನ್ನಗಿರಿಯವರೆಗೆ ಅವಳಿಗೆ ಬುದ್ಧಿ ಹೇಳಿದ್ದ. ತಾಳವನ್ನು ಕಿವಿಯಲ್ಲಿ ಇಟ್ಟುಕೋಬೇಕಮ್ಮ, ನನ್ನ ಕೈ ನಂಬು, ನಿನ್ನನ್ನು ಬೀಳೋಕೆ ಬಿಡಲ್ಲ ಎಂದಿದ್ದ. ಅವಳು ಹೂಂ ಅಣ್ಣ, ಹೂಂ ಅಣ್ಣ ಎನ್ನುತ್ತಿದ್ದಳು. ಸೂಳೆಕೆರೆಯ ಏರಿಯ ಮೇಲೆ ವ್ಯಾನ್ ನಿಲ್ಲಿಸಿ ಅವಳಿಗೆ ಟೀ ಕೊಡಿಸಿದ್ದ.

"ನೀನ್ಯಾಕೆ ಹೇಳ್ಲಿಲ್ಲ?" ಎಂದು ಈಗ ಕೇಳಿದ.

"ಹೆಂಗೆ ಹೇಳ್ಲಿ ಅಣ್ಣ." ಎಲೆ ಸೀಳುವುದನ್ನು ಅವಳು ನಿಲ್ಲಿಸಲಿಲ್ಲ. "ನಿಮ್ ಮುಖ ಅಷ್ಟು ಖುಷಿಯಾಗಿತ್ತು."

"ಒಂದ್ ವಾರ ಅಂತ ಮಾಡಿದ್ದು ಕಣೋ," ಎಂದ ಮಾಲತೇಶ. "ಕೈ ಸರಿಹೋಗ್ಲಿ, ಆಮೇಲೆ ನಿಲ್ಸಣ ಅಂತ. ಕೊರೊನಾದಾಗೆ ಸ್ಟುಡಿಯೋದಲ್ಲಿ ಎಲ್ಲಾ ಹಾಡು ರೆಕಾರ್ಡ್ ಮಾಡಿದ್ವಲ್ಲ, ನಿನ್ ಢೋಲಕ್ ಬ್ಯಾರೆ ಟ್ರ್ಯಾಕಲ್ಲಿ ಹಂಗೇ ಇತ್ತು. ಮುಂದಿನ್ ಪ್ರೋಗ್ರಾಮಿಗೆ ಅದನ್ನ ಹಾಕಿದ್ವಿ. ನೀನು ಸ್ಟೇಜ್ ಇಳ್ದು ಬಂದು ನನ್ ಕೈ ಹಿಡ್ಕಂಡು ಏನಂದೆ ನೆಪ್ಪೈತಾ? ಅಣ್ಣ, ನನ್ ಕೈ ವಾಪಸ್ ಬಂತು ಅಂದೆ. ಕಣ್ಣಾಗೆ ನೀರು ಬ್ಯಾರೆ. ನಾನೇನ್ ಹೇಳ್ಲಿ ಆಗ?"

ಕೆಂಚೇಶನಿಗೆ ನೆನಪಿತ್ತು. ಆ ವಾರವೇ ಮಾಲತೇಶ ಅವನಿಗೆಂದು ಹೊಸ ಮಾನಿಟರ್ ಬಾಕ್ಸ್ ತಂದು ಕಾಲ ಬುಡದಲ್ಲಿ ಇಟ್ಟಿದ್ದ. ಅಷ್ಟು ವರ್ಷದಲ್ಲಿ ತಾಳವಾದ್ಯದವನಿಗೆ ಬೇರೆ ಮಾನಿಟರ್ ಕೊಟ್ಟವರು ಯಾರೂ ಇರಲಿಲ್ಲ. ಜಗಳೂರಿನ ಭಜನೆ ಮೇಳದಲ್ಲಿ ಕೂತು ಕಲಿತವನು ಅವನು. ನಾಟಕ ಕಂಪನಿಗಳ ಜೊತೆ ಸೊಲ್ಲಾಪುರದವರೆಗೆ ತಿರುಗಿದ್ದ. ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹೆಸರು ಗೊತ್ತಿಲ್ಲದ ಗಾಯಕರ ಹಿಂದೆ, ಯಾರೂ ಕೇಳದೇ ಹೋದ ಜನಪದ ಗೀತೆಗಳ ಹಿಂದೆ, ದೇವರ ಹಾಡುಗಳ ಹಿಂದೆ ಬಾರಿಸಿದ್ದ. ಗಾಜಿನಾಚೆ ಕೂತವರು ಅವನಲ್ಲಿ ಮೆಚ್ಚುತ್ತಿದ್ದದ್ದು ಒಂದೇ ಸಂಗತಿ: ಎಷ್ಟು ಸಲ ಬಾರಿಸಲು ಹೇಳಿದರೂ ಅದೇ ಏಟು, ಅದೇ ಜಾಗ. ಸ್ಟೇಜಿನಲ್ಲೂ ಅವನು ಹಾಗೆಯೇ. ರೆಕಾರ್ಡಿಂಗಿನಲ್ಲಿ ಹೇಗೆ ಬಾರಿಸಿದ್ದನೋ ಹಾಗೆ, ಒಂದು ಏಟು ಆಚೀಚೆ ಇಲ್ಲದೆ. ಬೇರೆ ಢೋಲಕ್ಕಿನವರು ಹುಮ್ಮಸ್ಸು ಬಂದಾಗ ಏನೇನೋ ಸೇರಿಸುತ್ತಾರೆ. ಅವನಿಗೆ ಅದು ಶಿಸ್ತಿಲ್ಲದವರ ಕೆಲಸ.

ಆ ಶಿಸ್ತೇ ಅವನಿಗೆ ಮೋಸ ಮಾಡಿತ್ತು. ಮಾನಿಟರಿನಿಂದ ಬರುತ್ತಿದ್ದುದು ಅವನು ಬಾರಿಸಬೇಕೆಂದಿದ್ದ ಏಟೇ ಆಗಿತ್ತು, ಆದ್ದರಿಂದ ಅದು ತನ್ನದೇ ಎಂದುಕೊಂಡ. ಬಾಕ್ಸಿನ ಅಬ್ಬರದಲ್ಲಿ ಹೊಟ್ಟೆಗೆ ಆನಿಸಿಕೊಂಡ ಢೋಲಕ್ಕಿನ ನಿಜವಾದ ಸದ್ದು ಯಾರಿಗೂ ಕೇಳುವಂತಿರಲಿಲ್ಲ, ಬಾರಿಸುವವನಿಗೂ.

"ಮತ್ತೆ ನನ್ ಮೈಕು?"

"ಮೈಕ್ ಅಲ್ಲೇ ಇರ್ತಿತ್ತು. ಮಿಕ್ಸರಿನಾಗೆ ಮುಚ್ಚಿರ್ತಿತ್ತು."

"ಗಾಳಿ ತಗೊಳ್ಳಾಕೆ ಬಿಟ್ಟಿದ್ವಿ ಬಿಡಣ್ಣ," ಎಂದ ಮೈಲಾರಿ. ನಗಿಸಲು ಹೇಳಿದ್ದು. ಯಾರೂ ನಗದಿದ್ದಾಗ ಅವನು ನೆಲ ನೋಡತೊಡಗಿದ.

"ಬಟ್ಟೆ ಅಂಗ್ಡಿ ಮುಂದೆ ಬೊಂಬೆ ನಿಲ್ಸಿರ್ತಾರಲ್ಲ, ಹಂಗೆ ನಿಲ್ಸಿದ್ರಿ ನನ್ನ."

"ಬೊಂಬೆಗೆ ಯಾರಾದ್ರೂ ಮಾನಿಟರ್ ತಂದ್ಕೊಡ್ತಾರೇನೋ?" ಮಾಲತೇಶನ ದನಿ ಮೊದಲ ಸಲ ಏರಿತು. "ಜ್ಯಾಸ್ತಿ ಮಾತಾಡ್ಬ್ಯಾಡ. ಬ್ಯಾರೆಯವ್ರಾಗಿದ್ರೆ ರಿದಮ್ ಪ್ಯಾಡ್ ನುಡಿಸೋ ಯಾರನ್ನಾದ್ರೂ ತಂದು ಕೂರಿಸ್ತಿದ್ರು. ನಿನ್ ಜಾಗದಾಗೆ ನಿನ್ನೇ ಇಟ್ಟಿದ್ದೀನಿ ನಾನು."

"ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ."

"ಎಲ್ರು ಅಂದ್ರೆ?"

ಮಾಲತೇಶ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಪುಷ್ಪಂಗೂ."

ಕೆಂಚೇಶ್ ಮೊಬೈಲು ತೆಗೆದ. ಹೆಬ್ಬೆರಳು ಎರಡು ಸಲ ತಪ್ಪು ಹೆಸರನ್ನು ಒತ್ತಿತು. ಜಗಳೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಪುಷ್ಪಾಳ ಟೈಲರಿಂಗ್ ಅಂಗಡಿ. ಅವಳು ಫೋನ್ ಎತ್ತಿಕೊಂಡಾಗ ಹಿಂದೆ ಮೆಷಿನ್ನು ಓಡುತ್ತಿತ್ತು.

"ಏನ್ರೀ, ಊಟ ಆಯ್ತಾ?"

"ಮೈಕ್ ವಿಷ್ಯ ನಿಂಗೆ ಗೊತ್ತಿತ್ತಾ?"

ಮೆಷಿನ್ನು ನಿಂತಿತು. ಯಾರಿಗೋ ಸಂಜೆ ಬಾರಮ್ಮ ಎಂದು ಅವಳು ಹೇಳಿದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು, ಹೊರಗಿನ ಬಸ್ಸಿನ ಹಾರನ್ನು.

"ಯಾರ್ ಹೇಳಿದ್ರು?"

"ಗೊತ್ತಿತ್ತಾ ಅಂತ ಕೇಳ್ದೆ."

"ಗೊತ್ತಿತ್ತು. ಮಾಲತೇಶಣ್ಣನ ಕೇಳ್ಕಂಡಿದ್ದೇ ನಾನು. ತೆಗಿಬ್ಯಾಡ್ರಿ ಅವ್ರನ್ನ, ಏನಾದ್ರೂ ಮಾಡ್ರಿ ಅಂದಿದ್ದೆ."

"ನಂಗೊಂದ್ ಮಾತು..."

"ಬೆಳಿಗ್ಗೆ ಹಿತ್ಲಾಗೆ ಕೂತು ಬಾರಿಸ್ತಿದ್ರಲ್ಲ, ಏಟು ತಪ್ಪೋದು ನಂಗೆ ಒಳಗೆ ಕೇಳ್ತಿತ್ತು ಕಣ್ರೀ. ನಿಮಗೇ ಕೇಳ್ತಿರ್ಲಿಲ್ಲ." ಅವಳು ದನಿ ತಗ್ಗಿಸಿದಳು. "ಆ ಢೋಲಕ್ ಹಳೇದು, ಹಗ್ಗ ಸಡ್ಲಾಗೈತೆ ಅಂತಿದ್ರಿ. ಹಗ್ಗ ನಾನೇ ಎಳೆದು ನೋಡಿದ್ದೆ. ಬಿಗಿಯಾಗೇ ಇತ್ತು."

ಅವನು ಫೋನ್ ಇಟ್ಟ. ಕೋಣೆಯಲ್ಲಿ ಉಳಿದವರು ಕುಂಬಳಕಾಯಿಗಳನ್ನೇ ನೋಡುತ್ತಿದ್ದರು. ಕೆಂಚೇಶ್ ತನ್ನ ಬಲಗೈಯನ್ನು ಅಂಗಾತ ಹಿಡಿದು ನೋಡಿದ. ಬೆರಳ ತುದಿಗಳು ಮೆತ್ತಗಿದ್ದವು. ಢೋಲಕ್ಕಿನವನ ಬೆರಳಿಗಿರಬೇಕಾದ ಒರಟು ಅಲ್ಲಿರಲಿಲ್ಲ. ಅದು ಈಗ ಅಂಗೈಯ ಬುಡದಲ್ಲಿತ್ತು. ಬೆರಳು ಮಾಡಬೇಕಾದ್ದನ್ನು ಇಷ್ಟು ದಿನ ಅಂಗೈ ಗುದ್ದಿ ಗುದ್ದಿ ಮಾಡಿತ್ತು. ತೊಗಲು ಹರಿದದ್ದು ಅದಕ್ಕೇ. ತನ್ನ ಕೈ ತನಗೆ ಗೊತ್ತಿಲ್ಲದೆ ಹೀಗೆ ಬದಲಾಗಿರುವುದನ್ನು ಅವನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ.

"ನನ್ ಮೈಕ್ ತೆರಿ," ಎಂದ ಮೈಲಾರಿಗೆ. "ವ್ಯಾನಲ್ಲಿ ಇನ್ನೊಂದು ಢೋಲಕ್ ಐತೆ, ತಗಂಡ್ ಬಾ. ಟ್ರ್ಯಾಕ್ ಬ್ಯಾಡ. ನಾನ್ ಬಾರಿಸ್ತೀನಿ."

ಮೈಲಾರಿ ಮಾಲತೇಶನ ಮುಖ ನೋಡಿದ.

"ಮದ್ವಿ ಮನೆ ಕಣೋ," ಎಂದ ಮಾಲತೇಶ. "ನಾಳೆ ಚನ್ನಗಿರಿಯಾಗೆ ನೋಡಣ. ಸ್ಟುಡಿಯೋದಾಗೆ ಇಬ್ರೇ ಕೂತ್ಕಂಡು."

"ಇವತ್ತು. ಊಟದ್ ಹೊತ್ತು. ಯಾರ್ ಕೇಳ್ತಾರೆ?"

"ಅಣ್ಣ, ನಂಗೆ ಭಯ ಆಗ್ತೈತೆ," ಎಂದಳು ಚೈತ್ರಾ.

"ತಪ್ಪಾದ್ರೆ ನನ್ ತಪ್ಪು ಅಂತ ಮೈಕಲ್ಲೇ ಹೇಳ್ತೀನಿ. ನಿನ್ನ ಬಯ್ಯಾಕೆ ಬಿಡಲ್ಲ."

ಅವಳು ಇಲ್ಲ ಎನ್ನಲಿಲ್ಲ. ಮಾಲತೇಶ ಎದ್ದು ಪ್ಯಾಂಟು ಸರಿಪಡಿಸಿಕೊಂಡ. "ನಿಧಾನದ್ದು ಒಂದು. ಒಂದೇ."

ಅರ್ಧ ಜನ ಕೆಳಗೆ ಊಟಕ್ಕೆ ಇಳಿದಿದ್ದರು. ಉಳಿದವರು ಗುಂಪು ಗುಂಪಾಗಿ ಕುರ್ಚಿ ತಿರುಗಿಸಿಕೊಂಡು ಮಾತಾಡುತ್ತಿದ್ದರು. ಕೆಂಚೇಶ್ ಎರಡನೇ ಢೋಲಕ್ಕಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಮೈಕನ್ನು ಬಲಗಡೆಯ ತೊಗಲಿನ ಹತ್ತಿರಕ್ಕೆ ಎಳೆದುಕೊಂಡ. ಮೈಲಾರಿ ಮಿಕ್ಸರಿನಲ್ಲಿ ಏನೋ ಮೇಲಕ್ಕೆ ಸರಿಸಿದ. ಬಾಕ್ಸುಗಳಲ್ಲಿ ಕುಯ್ಯೆಂದು ಒಂದು ಸಣ್ಣ ಸದ್ದು ಬಂದು ನಿಂತಿತು. ಮೈಕು ತೆರೆದಿದೆ ಎಂಬುದಕ್ಕೆ ಅಷ್ಟು ಸಾಕಿತ್ತು.

ಮೊದಲ ಏಟಿಗೇ ಅವನು ಬೆಚ್ಚಿದ. ಯಾರೋ ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ತಟ್ಟಿದಂತಿತ್ತು. ಮಾನಿಟರನ್ನು ನೋಡಿದ, ಕೈಯನ್ನು ನೋಡಿದ, ಮತ್ತೆ ಬಾರಿಸಿದ. ಅದೇ ಸದ್ದು. ತೊಗಲನ್ನು ಮುಟ್ಟಿದ ಬೆರಳು ತಕ್ಷಣ ಬಿಟ್ಟು ಏಳಬೇಕು, ಆಗ ಅದು ಹಾಡುತ್ತದೆ. ಅವನ ಬೆರಳುಗಳು ಅಲ್ಲೇ ಅಂಟಿಕೊಳ್ಳುತ್ತಿದ್ದವು. ಮುಟ್ಟಿದ ಜಾಗದಲ್ಲೇ ಸದ್ದು ಸಾಯುತ್ತಿತ್ತು. ಚೈತ್ರಾ ಹಾಡತೊಡಗಿದಳು. ಮಾಲತೇಶ ಅವಳ ದನಿಯ ಕೆಳಗೆ ಸ್ವರ ಹಿಡಿದು ನಿಂತ. ಅವರಿಬ್ಬರೂ ತನಗಾಗಿ ಹೆಜ್ಜೆ ಸಣ್ಣದು ಮಾಡಿ ನಡೆಯುತ್ತಿದ್ದಾರೆ ಎಂಬುದು ಕೆಂಚೇಶನಿಗೆ ಗೊತ್ತಾಯಿತು, ಕಾಲು ನೋಯುವವರ ಪಕ್ಕದಲ್ಲಿ ಮನೆಯವರು ನಡೆಯುವ ಹಾಗೆ.

ಚರಣದ ಮುಂಚಿನ ರೋಲ್ ಬಂತು. ಅವನ ತಲೆಯೊಳಗೆ ಅದು ಪೂರ್ತಿ ಇತ್ತು, ಒಂದೊಂದು ಏಟೂ ಅದರ ಜಾಗದಲ್ಲಿತ್ತು. ಕೈ ಅರ್ಧ ದಾರಿಯಲ್ಲಿ ಎಡವಿತು. ಕಿರುಬೆರಳು ಮತ್ತು ಉಂಗುರದ ಬೆರಳು ಒಟ್ಟಿಗೇ ಬಿದ್ದು ಒಂದೇ ಏಟಾಯಿತು. ಕೊನೆಯ ಎಡಗೈ ಏಟು ತಡವಾಗಿ ಬಿತ್ತು. ಕೂದಲೆಳೆಯಷ್ಟಲ್ಲ. ಬರೀ ತಡವಾಗಿ. ಚೈತ್ರಾ ಆ ಏಟಿಗೆ ಕಾದು, ಅದು ಬಿದ್ದ ಮೇಲೆ ಉಸಿರು ತೆಗೆದುಕೊಂಡು ಚರಣ ಎತ್ತಿದಳು.

ಕುರ್ಚಿಯಲ್ಲಿದ್ದವರು ಮಾತು ಮುಂದುವರಿಸಿದ್ದರು. ಹಿಂದಿನಿಂದ ಒಬ್ಬ ಹುಡುಗ, "ಡಿಜೆ ಹಾಕ್ರಪ್ಪೋ" ಎಂದ. ಕೈ ಕುಲುಕಿ ಹೋಗಿದ್ದ ಯಜಮಾನರು ಎಲೆಅಡಿಕೆ ಜಗಿಯುತ್ತ ಮಿಕ್ಸರಿನ ಹತ್ತಿರ ಬಂದು ಬಲಗಡೆಯ ಬಾಕ್ಸಿಗೆ ಕಿವಿಗೊಟ್ಟು ನಿಂತರು.

"ಬಾಕ್ಸ್ ಕೆಟ್ಟೈತೇನಪ್ಪ? ಢೋಲಕ್ ಸದ್ದು ಹೆಂಗೆಂಗೋ ಬರ್ತೈತೆ."

ಮೈಲಾರಿ ತಲೆ ಎತ್ತದೆ, "ಇಲ್ಲ ಯಜಮಾನ್ರೆ. ಬಾಕ್ಸ್ ಸರಿಯಾಗೈತೆ," ಎಂದ.

ಹಾಡು ಮುಗಿಯಿತು. ಚಪ್ಪಾಳೆ ಬೀಳಲಿಲ್ಲ, ಕೂಗಾಟವೂ ಆಗಲಿಲ್ಲ. ತನ್ನ ತಪ್ಪೆಂದು ಮೈಕಿನಲ್ಲಿ ಹೇಳಬೇಕಾದ ಪ್ರಸಂಗವೇ ಬರಲಿಲ್ಲ, ಯಾಕೆಂದರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಕೆಂಚೇಶನ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಈ ಸದ್ದಿನ ಜೊತೆ ತಾನು ಒಂದು ವರ್ಷ ಊರೂರು ತಿರುಗಿದ್ದೇನೆ, ತ್ಯಾವಣಿಗೆಯಲ್ಲಿ ಸನ್ಮಾನದ ಶಾಲು ಹೊದಿಸಿಕೊಂಡಿದ್ದೇನೆ ಎಂದು ಅವನಿಗೆ ಹೊಳೆಯಿತು. ಶಾಲು ಹೊದಿಸಿದ್ದು ಈ ಕೈಗಲ್ಲ. ಸ್ಟುಡಿಯೋದಲ್ಲಿ ಕೂತಿದ್ದ ಇನ್ನೊಬ್ಬ ಕೆಂಚೇಶನಿಗೆ. ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ, ಅವನ ಬೆರಳು ನೋಯುತ್ತಿರಲಿಲ್ಲ.

ಮೆಟ್ಟಿಲ ಕಡೆ ಗದ್ದಲ ಎದ್ದಿತು. ಮದುಮಕ್ಕಳು ಊಟ ಮುಗಿಸಿ ಮೇಲೆ ಬರುತ್ತಿದ್ದರು. ಹಿಂದೆ ಎರಡೂ ಕಡೆಯ ನೆಂಟರು. ಮದುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅವಳ ತಂಗಿಯರು ಅವಳನ್ನು ಸ್ಟೇಜಿನ ಮುಂದಕ್ಕೆ ತಳ್ಳುತ್ತಿದ್ದರು. ಅವಳು ತಿಂಗಳ ಮೊದಲೇ ಹೇಳಿಸಿದ್ದ ಹಾಡೊಂದಿತ್ತು, ಜೋರಿನದು, ಢೋಲಕ್ಕಿನಿಂದಲೇ ಶುರುವಾಗುವುದು. ಕುರ್ಚಿಗಳು ಸರಿದವು. ಮೊಬೈಲುಗಳು ಮೇಲೆದ್ದವು.

ಮಾಲತೇಶ ಕೀಬೋರ್ಡು ಬಿಟ್ಟು ಕೆಂಚೇಶನ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟ. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

"ನೋಡ್ದಲ್ಲ, ಆಯ್ತಲ್ಲ. ಈಗ ಟ್ರ್ಯಾಕ್ ಹಾಕ್ತೀನಿ. ಆ ಹುಡುಗಿ ಮುಖ ನೋಡು. ನೀನು ಸುಮ್ನೆ ನಿಂತು ಕೈಯಾಡ್ಸು, ಯಾರಿಗೂ ಗೊತ್ತಾಗಲ್ಲ. ನಾಳೆ ದಾವಣಗೆರೆಗೆ ಹೋಗಣ, ಕೈ ತೋರ್ಸಣ, ನಾನೇ ಕರ್ಕಂಡ್ ಹೋಗ್ತೀನಿ. ಸರಿಹೋಗೋವರ್ಗೂ ಹಿಂಗೇ ನಡೀಲಿ. ಹೋಗ್ದಿದ್ರೂ ನಡೀಲಿ. ನಾನ್ ಇರೋವರ್ಗೂ ಈ ಜಾಗ ನಿಂದೇ."

ಆ ಮಾತು ನಿಜವೆಂದು ಕೆಂಚೇಶನಿಗೆ ಗೊತ್ತಿತ್ತು. ಮಾಲತೇಶ ಕೊಟ್ಟ ಮಾತು ತಪ್ಪುವವನಲ್ಲ. ಆಚೆ ಮೈಲಾರಿ ಒಂದು ಬೆರಳನ್ನು ಲ್ಯಾಪ್‌ಟಾಪಿನ ಮೇಲೆ, ಇನ್ನೊಂದನ್ನು ಮಿಕ್ಸರಿನ ಮೇಲೆ ಇಟ್ಟು ಹುಬ್ಬು ಎತ್ತಿ ಕೇಳಿದ: ಮುಚ್ಚಲಾ? ಚೈತ್ರಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮದುಮಗಳು ಒಂದು ಕಾಲು ಮುಂದಿಟ್ಟು, ನಗುತ್ತ, ಮೊದಲ ಏಟಿಗಾಗಿ ಕಾಯುತ್ತಿದ್ದಳು.

ಕೆಂಚೇಶ್ ಕೈಯನ್ನು ತೊಗಲಿನ ಮೇಲೆ ಇಟ್ಟ.

"ಮುಚ್ಚಬ್ಯಾಡ," ಎಂದ.

ಢೋಲಕ್ಕಿನ ಮೈಕು ಇನ್ನೂ ತೆರೆದಿತ್ತು. ಆ ಮಾತು ಎರಡೂ ಬಾಕ್ಸುಗಳಿಂದ ದೊಡ್ಡದಾಗಿ ಹೊರಬಿದ್ದು, ಛತ್ರದ ಕೊನೆಯ ಗೋಡೆಗೆ ತಾಗಿ, ಕುಣಿಯಲು ನಿಂತವರ ತಲೆಯ ಮೇಲಿಂದ ವಾಪಸು ಬಂತು.